ಮೊದಲು ಕೈ ಚಾಚಿದ್ದು ಯಾರು? ಅಪ್ಪುಗೆಯ ಚಿತ್ರಪುಸ್ತಕಗಳ ಬಗ್ಗೆ ಓದುಗರ ಪ್ರಶ್ನೆಗಳು

ಅಪ್ಪುಗೆ, ಮುದ್ದು, ಅಕ್ಕರೆಯನ್ನೇ ವಸ್ತುವಾಗಿ ಇಟ್ಟುಕೊಂಡ ಪುಟ್ಟ ಮಕ್ಕಳ ಪುಸ್ತಕಗಳ ಕುರಿತು ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಮಗುವಿಗೆ ಐದು ತಿಂಗಳು. ಪುಸ್ತಕ ತೋರಿಸಿದರೆ ಎರಡು ಕ್ಷಣ ನೋಡುತ್ತದೆ, ಆಮೇಲೆ ಸೀದಾ ಬಾಯಿಗೆ. ಇಷ್ಟು ಬೇಗ ಶುರುಮಾಡಿದ್ದು ತಪ್ಪಾಯಿತೆ?

ಉತ್ತರ: ತಪ್ಪೇನಿಲ್ಲ. ಆ ವಯಸ್ಸಿನಲ್ಲಿ ಯಾವ ವಸ್ತುವನ್ನಾದರೂ ಪರೀಕ್ಷಿಸುವುದು ಬಾಯಿಂದಲೇ. ಪುಸ್ತಕಕ್ಕೂ ಅದೇ ಮರ್ಯಾದೆ ಸಿಕ್ಕಿದೆ ಅಷ್ಟೆ. ಎರಡು ಮೂರು ನಿಮಿಷ ತೋರಿಸಿದರೆ ಸಾಕು. ಮಗು ಮುಖ ತಿರುಗಿಸಿದರೆ ಅಂದಿನ ಓದು ಮುಗಿಯಿತೆಂದೇ ಲೆಕ್ಕ.

ಹುಟ್ಟಿದ ಹೊಸದರಲ್ಲಿ ಮಗುವಿಗೆ ಸುಮಾರು 20ರಿಂದ 30 ಸೆಂ.ಮೀ. ದೂರದಲ್ಲಿರುವುದು ಮಾತ್ರ ಚೆನ್ನಾಗಿ ಕಾಣುತ್ತದೆ. ಐದು ತಿಂಗಳ ಹೊತ್ತಿಗೆ ನೋಟ ದೂರಕ್ಕೂ ಹೋಗುತ್ತದೆ, ಬಣ್ಣಗಳೂ ಕಾಣುತ್ತವೆ. ಆದರೂ ಪುಸ್ತಕ ಹತ್ತಿರದಲ್ಲೇ ಇರಲಿ. ಅಪ್ಪುಗೆಯ ಚಿತ್ರಗಳಲ್ಲಿ ಒಂದು ತೊಡಕು ಇದೆ: ಎರಡು ದೇಹಗಳು ಒಂದರ ಮೇಲೊಂದು ಬಂದಿರುತ್ತವೆ. ಕಂದು ಕರಡಿಯನ್ನು ಕಂದು ಕರಡಿಯೇ ತಬ್ಬಿದರೆ ಮಗುವಿಗೆ ಕಾಣುವುದು ಒಂದು ಕಂದು ಗುಡ್ಡೆ. ತಬ್ಬಿದವರ ಬಣ್ಣ ಬೇರೆ ಬೇರೆ ಇರಬೇಕು, ಅಂಚಿನ ಗೆರೆ ದಪ್ಪ ಇರಬೇಕು, ಹಿನ್ನೆಲೆ ಖಾಲಿ ಇರಬೇಕು, ಮುಖ ದೊಡ್ಡದಾಗಿರಬೇಕು.

ಬಾಯಿಗೆ ಹೋಗುವ ಪುಸ್ತಕವೆಂದ ಮೇಲೆ ದಪ್ಪ ರಟ್ಟಿನ ಬೋರ್ಡ್ ಬುಕ್ಕೇ ಸರಿ. ಮೂಲೆ ಗುಂಡಗಿರಲಿ. ಅಂಟಿಸಿದ ಮಣಿ, ಗುಂಡಿ, ಕಿತ್ತುಬರುವ ತುಪ್ಪಳ, ಉದುರುವ ಮಿನುಗುಪುಡಿ ಬೇಡ. ಒತ್ತಿದರೆ ಹಾಡುವ ಪುಸ್ತಕವಾದರೆ ಬಟನ್ ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಬಿಗಿದಿದೆಯೇ ನೋಡಿ. ಆ ಬ್ಯಾಟರಿ ನುಂಗಿದರೆ ಅನ್ನನಾಳ ಸುಟ್ಟುಹೋಗಲು ಎರಡು ಗಂಟೆ ಸಾಕು. ಕೆಲವು ಬಟ್ಟೆಯ ಪುಸ್ತಕಗಳಿಗೆ ತಬ್ಬಿಕೊಳ್ಳಲೆಂದು ಉದ್ದನೆಯ ತೋಳು ಹೊಲಿದಿರುತ್ತಾರೆ, ತೊಟ್ಟಿಲಿಗೆ ಕಟ್ಟಲು ದಾರವನ್ನೂ ಇಟ್ಟಿರುತ್ತಾರೆ. ಗೇಣುದ್ದದ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಲ್ಲದು, ಕತ್ತರಿಸಿ ತೆಗೆಯಿರಿ. ಒಂದು ವರ್ಷ ತುಂಬುವವರೆಗೆ ಇಂಥ ಮೆತ್ತನೆಯ ಪುಸ್ತಕ, ಗೊಂಬೆ ಯಾವುದನ್ನೂ ಮಲಗಿದ ಮಗುವಿನ ಪಕ್ಕದಲ್ಲಿ ಬಿಡಬಾರದು.

ಕೂರಿಸಿಕೊಳ್ಳುವ ರೀತಿಯೂ ಮುಖ್ಯ. ಮಗುವಿನ ಬೆನ್ನನ್ನು ನಿಮ್ಮ ಎದೆಗೆ ಒರಗಿಸಿಕೊಂಡರೆ ಪುಟ ಕಾಣುತ್ತದೆ, ನಿಮ್ಮ ಮುಖ ಕಾಣುವುದಿಲ್ಲ. ಮೊಣಕೈ ಮಡಿಕೆಯಲ್ಲಿ ಓರೆಯಾಗಿ ಕೂರಿಸಿದರೆ ಎರಡೂ ಕಾಣುತ್ತವೆ. ಅಪ್ಪುಗೆಯ ಪುಟ ಬಂದಾಗ ನೀವೂ ಮೆಲ್ಲಗೆ ಅಪ್ಪಿಕೊಳ್ಳಿ, ಹಿಸುಕಬೇಡಿ. 2020ರಲ್ಲಿ ಜಪಾನಿನ ಸಂಶೋಧಕರು ಹಸುಳೆಗಳ ಎದೆಬಡಿತ ಅಳೆದಾಗ ಕಂಡದ್ದೂ ಅದೇ: ಸುಮ್ಮನೆ ಎತ್ತಿಕೊಂಡಾಗಿನದಕ್ಕಿಂತ ಹದವಾಗಿ ಅಪ್ಪಿದಾಗ ಮಗು ಹೆಚ್ಚು ಶಾಂತವಾಗುತ್ತದೆ, ಬಿಗಿಯಾಗಿ ಅಪ್ಪಿದರೆ ಆ ಗುಣ ಕಡಿಮೆಯಾಗುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ, ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳ ಸಾಲೇ ಇರುತ್ತದೆ. ಎಲ್ಲದರ ಮೇಲೂ ತಬ್ಬಿಕೊಂಡ ಕರಡಿ ಅಥವಾ ಮೊಲ. ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ಮುಖಪುಟ ಬಿಡಿ. ಒಳಗೆ ಮೊದಲ ಅಪ್ಪುಗೆ ಇರುವ ಪುಟ ತೆಗೆದು, ಅದರ ಹಿಂದಿನ ಪುಟಕ್ಕೆ ಹೋಗಿ. ಅಲ್ಲಿ ಯಾರು ಕೈ ಚಾಚಿದ್ದಾರೆ? ಚಾಚಿದ ಕೈಗೆ ಇನ್ನೊಬ್ಬರು ಏನು ಮಾಡಿದರು, ಓಡಿ ಬಂದರೇ, ನಿಂತು ನೋಡಿದರೇ? ಮಗುವಿಗೆ ಕಥೆ ಇರುವುದು ಅಪ್ಪುಗೆಗೆ ಮುಂಚಿನ ಆ ಅರೆಗಳಿಗೆಯಲ್ಲಿ. ಅದನ್ನು ಬಿಡಿಸದ ಪುಸ್ತಕದಲ್ಲಿ ಹನ್ನೆರಡು ಪುಟಕ್ಕೆ ಹನ್ನೆರಡು ಅಪ್ಪುಗೆ ಇರುತ್ತದೆ, ಏನೂ ನಡೆದಿರುವುದಿಲ್ಲ. ಒಂದೂವರೆ ವರ್ಷದೊಳಗಿನ ಮಗುವಿಗೆ ಅಂಥ ಪಟ್ಟಿಯೂ ಸಾಕು. ಎರಡು ದಾಟಿದ ಮೇಲೆ ಅದೇ ಮಗು ಪುಟಗಳನ್ನು ಹಾರಿಸತೊಡಗುತ್ತದೆ.

ಎರಡನೆಯದಾಗಿ, ಚಿಕ್ಕವರ ಕೈ ನೋಡಿ. ಎಷ್ಟೋ ಚಿತ್ರಗಳಲ್ಲಿ ದೊಡ್ಡ ಪ್ರಾಣಿ ಮರಿಯನ್ನು ಪೂರ್ತಿ ಮುಚ್ಚಿಬಿಟ್ಟಿರುತ್ತದೆ, ಮರಿಯ ಕೈಗಳೇ ಕಾಣುವುದಿಲ್ಲ. ಅಂಥ ಅಪ್ಪುಗೆಯಲ್ಲಿ ಮರಿಗೆ ಪಾತ್ರವಿಲ್ಲ. ಮರಿಯ ಬೆರಳು ಅಮ್ಮನ ಕಿವಿ ಹಿಡಿದಿದ್ದರೆ, ತೋಳು ಕತ್ತಿಗೆ ಜೋತುಬಿದ್ದಿದ್ದರೆ, ಕೊನೆಗೆ ಬಿಡಿಸಿಕೊಳ್ಳಲು ಒಂದು ಕಾಲು ಹೊರಗೆ ಚಾಚಿದ್ದರೂ ಆ ಪುಟದ ಬಗ್ಗೆ ಮಾತಾಡಲು ಏನಾದರೂ ಸಿಗುತ್ತದೆ. ಅಪ್ಪುಗೆ ಮುಗಿದ ಮೇಲಿನ ಪುಟವೂ ಇದ್ದರೆ ಇನ್ನೂ ಒಳ್ಳೆಯದು. ಬಿಟ್ಟುಕೊಟ್ಟು ಆಟಕ್ಕೆ ಓಡುವ ಮರಿ ಚಿಕ್ಕ ಮಕ್ಕಳಿಗೆ ಅಪ್ಪುಗೆಯಷ್ಟೇ ಮುಖ್ಯ.

ಮುಖಗಳ ವಿಚಾರಕ್ಕೆ ಬಂದರೆ, ಕಣ್ಣು ಮುಚ್ಚಿ ನಗುವ ಮುಖ ದೊಡ್ಡವರಿಗೆ ಸುಖದ ಗುರುತು. ಎರಡು ವರ್ಷದ ಮಗು ಅದನ್ನು ನಿದ್ದೆ ಎಂದೋ ಅಳು ಎಂದೋ ಓದಬಹುದು. ತಬ್ಬಿಕೊಂಡವರಲ್ಲಿ ಒಬ್ಬರ ಮುಖವಾದರೂ ಓದುಗರ ಕಡೆಗಿದ್ದು, ಕಣ್ಣು ತೆರೆದಿರಬೇಕು.

ಇನ್ನು ಹೊಲಿಗೆ. ಎರಡೂ ಪುಟಗಳ ಮೇಲೆ ಹರಡಿದ ದೊಡ್ಡ ಅಪ್ಪುಗೆಯ ಚಿತ್ರ ಇಂಥ ಪುಸ್ತಕಗಳಿಗೆ ಪ್ರಿಯ. ಆದರೆ ಅಂಟು ಹಾಕಿ ಕಟ್ಟಿದ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ನಡುವೆ ಒಂದಷ್ಟು ಚಿತ್ರ ಮಡಿಕೆಯೊಳಗೆ ಹೋಗುತ್ತದೆ. ಆ ಜಾಗದಲ್ಲೇ ಎರಡು ಕೆನ್ನೆ ತಾಗುವಂತೆ ಬಿಡಿಸಿದ್ದರೆ ಮುತ್ತು ಮಡಿಕೆಯ ಪಾಲು. ನೂಲಿನಲ್ಲಿ ಹೊಲಿದ ಪುಸ್ತಕ, ಬೋರ್ಡ್ ಬುಕ್ ಚಪ್ಪಟೆಯಾಗಿ ತೆರೆದುಕೊಳ್ಳುತ್ತವೆ. ನಡುವಿನ ಪುಟ ಬಿಚ್ಚಿ ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ತಾನಾಗಿ ಮುಚ್ಚಿಕೊಂಡರೆ ಮಗುವನ್ನು ತೊಡೆಯ ಮೇಲಿಟ್ಟು ಒಂದೇ ಕೈಯಲ್ಲಿ ಓದಲಾಗದು.

ಸಾಮಾನ್ಯವಾಗಿ ಚಿತ್ರಪುಸ್ತಕಕ್ಕೆ 32 ಪುಟ. ದೊಡ್ಡ ಹಾಳೆಯ ಎರಡೂ ಬದಿ ಮುದ್ರಿಸಿ ಮಡಚಿದಾಗ 8 ಅಥವಾ 16 ಪುಟಗಳ ಕಂತೆ ಆಗುವುದರಿಂದ ಈ ಲೆಕ್ಕ. ಶೀರ್ಷಿಕೆ ಇತ್ಯಾದಿ ಕಳೆದರೆ ಕಥೆಗೆ ಸಿಗುವುದು ಹನ್ನೆರಡರಿಂದ ಹದಿನಾಲ್ಕು ಜೋಡಿಪುಟ. ಬೋರ್ಡ್ ಬುಕ್‌ಗಳಲ್ಲಿ ಪುಟ ಇದಕ್ಕಿಂತ ಕಡಿಮೆ. ಹಾಗಾಗಿ ಹೆಸರಾದ ಪುಸ್ತಕವೊಂದರ ರಟ್ಟಿನ ಆವೃತ್ತಿ ಕೊಳ್ಳುವಾಗ ಎಚ್ಚರ. ಕೆಲವು ಚಿತ್ರಗಳನ್ನು ಕೈಬಿಟ್ಟಿರುತ್ತಾರೆ, ಇಲ್ಲವೇ ದೊಡ್ಡ ಚಿತ್ರವನ್ನು ಅಂಗೈಯಗಲಕ್ಕೆ ಕುಗ್ಗಿಸಿರುತ್ತಾರೆ. ಕುಗ್ಗಿದಾಗ ಮೊದಲು ಕಾಣೆಯಾಗುವುದು ಬೆರಳುಗಳು.

ಪಠ್ಯದ ವಿಷಯದಲ್ಲಿ ನಮ್ಮ ಅಳತೆ ಸರಳ: ಎರಡು ವರ್ಷದವರೆಗೆ ಪುಟಕ್ಕೊಂದು ಸಾಲು, ನಾಲ್ಕರವರೆಗೆ ಎರಡು ಮೂರು ವಾಕ್ಯ. ಒಂದು ಬಗೆಯ ಕಥೆಯನ್ನು ಮಾತ್ರ ಪಕ್ಕಕ್ಕಿಡಿ. ಮರಿ ತಪ್ಪು ಮಾಡುತ್ತದೆ, ಯಾರೂ ಅಪ್ಪಿಕೊಳ್ಳುವುದಿಲ್ಲ, ತಿದ್ದಿಕೊಂಡ ಮೇಲೆ ಅಪ್ಪುಗೆ ಸಿಗುತ್ತದೆ, ಹೀಗೆ ಸಾಗುವ ಕಥೆ ಅದು. ಅಲ್ಲಿ ಅಪ್ಪುಗೆ ಸಂಬಳವಾಗಿಬಿಡುತ್ತದೆ.

ಪ್ರಶ್ನೆ: ಮೂರು ವರ್ಷದ ಮಗನಿಗೆ ಯಾರಾದರೂ ತಬ್ಬಿಕೊಂಡರೆ ಆಗುವುದಿಲ್ಲ, ಮೈ ಸೆಟೆಸುತ್ತಾನೆ. ಅಭ್ಯಾಸವಾಗಲಿ ಎಂದು ಅಪ್ಪುಗೆಯ ಪುಸ್ತಕ ತಂದೆವು. ಓದುವಾಗ ಕೇಳುತ್ತಾನೆ, ಅಪ್ಪಿಕೊಳ್ಳಲು ಹೋದರೆ ಎದ್ದು ಓಡುತ್ತಾನೆ. ನಂಟರು ಬಂದಾಗ ಮುಜುಗರವಾಗುತ್ತದೆ.

ಉತ್ತರ: ಪುಸ್ತಕವನ್ನು ಔಷಧಿಯಂತೆ ತಂದಿದ್ದೀರಿ, ತೊಂದರೆ ಅಲ್ಲೇ ಇದೆ. ಪುಟ ತಿರುಗಿದಾಗಲೆಲ್ಲ ತನ್ನನ್ನು ಹಿಡಿಯುತ್ತಾರೆ ಎಂದು ಗೊತ್ತಾದರೆ ಮಗು ಪುಸ್ತಕದಿಂದಲೂ ದೂರವಾಗುತ್ತದೆ. ಎರಡು ವಾರ ಆ ಪುಸ್ತಕವನ್ನು ಬರೀ ಕಥೆಯಾಗಿ ಓದಿ. ಪಕ್ಕದಲ್ಲಿ ಕೂತುಕೊಳ್ಳಿ, ಭುಜ ತಾಗಿದರೆ ತಾಗಲಿ, ಅದಕ್ಕಿಂತ ಮುಂದೆ ಹೋಗಬೇಡಿ.

ಆಮೇಲೆ ಅಪ್ಪುಗೆಯ ಪುಟದಲ್ಲಿ ನಿಂತು, "ಈ ಮೊಲಕ್ಕೆ ಈಗ ಅಪ್ಪಿಕೊಳ್ಳೋದು ಬೇಕಿತ್ತಾ?" ಎಂದು ಕೇಳಿ. "ಬೇಡ" ಅಂದರೆ ವಾದ ಬೇಡ. "ಹಾಗಾದ್ರೆ ಏನು ಮಾಡ್ಬಹುದಿತ್ತು?" ಎಂದು ಮುಂದುವರಿಸಿ. ಕೈ ಬೀಸುವುದು, ಅಂಗೈಗೆ ಅಂಗೈ ತಟ್ಟುವುದು, ಬೆರಳಿಗೆ ಬೆರಳು ತಾಗಿಸುವುದು, ಪಕ್ಕದಲ್ಲಿ ಕೂರುವುದು, ಗೊಂಬೆಯ ಕೈಯಲ್ಲಿ ಮುತ್ತು ಕಳಿಸುವುದು, ಹೀಗೆ ಮಕ್ಕಳೇ ಹತ್ತು ದಾರಿ ಹೇಳುತ್ತಾರೆ. ಅವನ್ನೇ ಚೀಟಿಗಳಲ್ಲಿ ಬಿಡಿಸಿ ಪುಸ್ತಕದ ಕೊನೆಯ ಪುಟಕ್ಕೆ ಸಿಕ್ಕಿಸಿಡಿ. ನಂಟರು ಬಂದಾಗ ಮಗು ಅದರಲ್ಲೊಂದನ್ನು ಆರಿಸಲಿ. "ಇವತ್ತು ಅವನು ಅಂಗೈ ತಟ್ಟೋದು ಆರಿಸಿದ್ದಾನೆ" ಎಂದು ನೀವೇ ಮೊದಲು ನಗುತ್ತ ಹೇಳಿಬಿಟ್ಟರೆ ಬಂದವರಿಗೂ ಬೇಸರವಾಗುವುದಿಲ್ಲ. "ಅಜ್ಜಿಗೆ ಒಂದು ಮುತ್ತು ಕೊಡು, ಇಲ್ಲಾಂದ್ರೆ ಅಜ್ಜಿ ಅಳ್ತಾರೆ" ಎನ್ನುವ ಮಾತು ಮಾತ್ರ ಬೇಡ. ದೊಡ್ಡವರ ಮನಸ್ಸು ಕಾಯುವುದು ನಿನ್ನ ಮೈಯ ಕೆಲಸ ಎಂದು ಅದು ಕಲಿಸುತ್ತದೆ. ಬೇಡವಾದ ಮುಟ್ಟುವಿಕೆಗೆ "ಬೇಡ" ಎನ್ನಬಹುದು ಎಂದು ಮುಂದೆ ಹೇಳಿಕೊಡುವಾಗ ಇದೇ ಮಾತು ಅಡ್ಡ ಬರುತ್ತದೆ.

ಇನ್ನೊಂದು ಸಂಗತಿ ಗಮನಿಸಿ. ಕೆಲವು ಮಕ್ಕಳಿಗೆ ಆಗದಿರುವುದು ಸ್ಪರ್ಶವಲ್ಲ, ಹಠಾತ್ತನೆ ಬರುವ ಅಥವಾ ತೇಲಿದಂತೆ ತಾಗುವ ಸ್ಪರ್ಶ. ಎದುರಿನಿಂದ ಕೈ ಕಾಣುವಂತೆ ಬಂದರೆ, ಅಂಗೈ ಪೂರ್ತಿ ಊರಿದರೆ ಒಪ್ಪುತ್ತಾರೆ. ನಮ್ಮ ರೋಮವಿರುವ ಚರ್ಮದಲ್ಲಿ, ಅಂದರೆ ಬೆನ್ನು, ತೋಳುಗಳಲ್ಲಿ, ಮೆಲ್ಲಗೆ ಸವರಿದಾಗ ಚುರುಕಾಗುವ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂ.ಮೀ. ವೇಗಕ್ಕೆ ಅವು ಚೆನ್ನಾಗಿ ಸ್ಪಂದಿಸುತ್ತವೆ. ಭುಜದಿಂದ ಸೊಂಟದವರೆಗೆ ಕೈ ಇಳಿಯಲು ಐದಾರು ಸೆಕೆಂಡು ಹಿಡಿಯಬೇಕು, ಅಷ್ಟು ನಿಧಾನ. ಪಟಪಟನೆ ಬೆನ್ನು ಉಜ್ಜುವುದು ಬೇರೆಯೇ ಅನುಭವ.

ಬಟ್ಟೆಯ ಹೊಲಿಗೆ, ತಲೆ ಬಾಚುವುದು, ಗದ್ದಲ, ಇವಕ್ಕೆಲ್ಲ ಇಷ್ಟೇ ಜೋರಾಗಿ ಪ್ರತಿಕ್ರಿಯಿಸುತ್ತಿದ್ದರೆ, ಅಥವಾ ಮೊದಲು ಅಪ್ಪಿಕೊಳ್ಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಎಲ್ಲರನ್ನೂ, ಇಲ್ಲವೇ ಒಬ್ಬರನ್ನು ಮಾತ್ರ ದೂರವಿಡತೊಡಗಿದರೆ, ಪುಸ್ತಕ ಬದಿಗಿಟ್ಟು ಮಕ್ಕಳ ವೈದ್ಯರನ್ನು ಕಾಣಿ. ಎರಡನೆಯ ಸಂದರ್ಭದಲ್ಲಿ ಏನಾಯಿತೆಂದು ಮಗುವನ್ನು ಮೆಲ್ಲಗೆ ವಿಚಾರಿಸಿ, ಆ ವ್ಯಕ್ತಿಯೊಡನೆ ಒಂಟಿಯಾಗಿ ಬಿಡಬೇಡಿ.

ಪ್ರಶ್ನೆ: ಬೇರೆ ಭಾಷೆಯ ಪುಸ್ತಕಗಳನ್ನು ಕನ್ನಡ ಮಾಡಿಕೊಂಡು ಓದುತ್ತೇನೆ. "ನಾನು ನಿನ್ನನ್ನು ಪ್ರೀತಿಸುತ್ತೇನೆ" ಎಂದು ಓದುವಾಗ ನನಗೇ ನಾಟಕ ಅನಿಸುತ್ತದೆ.

ಉತ್ತರ: ಅನಿಸಲೇಬೇಕು. ಮನೆಯಲ್ಲಿ ಯಾರೂ ಮಗುವಿಗೆ ಹಾಗೆ ಹೇಳುವುದಿಲ್ಲ. ಕನ್ನಡದಲ್ಲಿ ಅಕ್ಕರೆ ಹೊರಬರುವುದು ಕರೆಯುವ ಹೆಸರಿನಲ್ಲಿ: ಬಂಗಾರ, ಚಿನ್ನ, ಪುಟ್ಟ, ಕಂದ. ಇಲ್ಲವೇ "ಬಾರೋ ಇಲ್ಲಿ" ಎನ್ನುವ ಧಾಟಿಯಲ್ಲಿ. ಮೂಲದಲ್ಲಿ ಆ ವಾಕ್ಯ ಹತ್ತು ಸಲ ಬಂದಿದ್ದರೆ ಹತ್ತು ಸಲವೂ "ನನ್ನ ಬಂಗಾರ" ಅನ್ನಿ. ಒತ್ತಿ ಹೇಳಬೇಕಾದ ಕೊನೆಯ ಪುಟದಲ್ಲಿ "ನೀನಂದ್ರೆ ನಂಗೆ ಎಷ್ಟಿಷ್ಟ ಗೊತ್ತಾ?" ಸಾಕು.

ಮೂಲದಲ್ಲಿ ಅಪ್ಪುಗೆಗೆ ಒಂದೇ ಪದ ಇರಬಹುದು. ನೀವೂ ಎಲ್ಲ ಕಡೆ "ಅಪ್ಪಿಕೊಂಡಿತು" ಎನ್ನಬೇಕಿಲ್ಲ. ಓಡಿಬಂದು ಮೇಲೆ ಬಿದ್ದರೆ ಅದು ತಬ್ಬಿಕೊಂಡದ್ದು, ಹೆದರಿದ ಮರಿಯನ್ನಾದರೆ ಎದೆಗವಚಿಕೊಂಡದ್ದು, ಬೀಳುವುದರೊಳಗೆ ಹಿಡಿದರೆ ಬಾಚಿಕೊಂಡದ್ದು. ಕೊರಳಿಗೆ ಜೋತುಬೀಳುವುದು, ಹೆಗಲಿಗೆ ಒರಗುವುದು, ಬೆನ್ನು ನೇವರಿಸುವುದು, ತಲೆ ಸವರುವುದು, ತಟ್ಟಿ ಮಲಗಿಸುವುದು, ಎಲ್ಲಕ್ಕೂ ಬೇರೆ ಬೇರೆ ಕ್ರಿಯಾಪದ ಇದೆ. ಚಿತ್ರದಲ್ಲಿ ಕೈ ಎಲ್ಲಿದೆ ನೋಡಿ ಪದ ಆರಿಸಿ. ತಿಂಗಳೊಳಗೆ ಮಗುವೂ ಬಿಡಿಸಿ ಹೇಳತೊಡಗುತ್ತದೆ.

ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಪುಟ ತಿರುಗಿಸುವ ಆಟಕ್ಕೆ ಅದು ವರ. "ಅಮ್ಮ ಓಡಿ ಬಂದಳು, ಎರಡೂ ಕೈ ಚಾಚಿ ಮರೀನ ಗಬಕ್ಕನೆ..." ಎಂದು ನಿಲ್ಲಿಸಿ, ಪುಟ ತಿರುಗಿಸಿ, "ತಬ್ಬಿಕೊಂಡಳು!" ಎನ್ನಿ. ಮೂಲದಲ್ಲಿ ವಾಕ್ಯವನ್ನು ಎಲ್ಲಿ ಮುರಿದಿದ್ದಾರೋ ಅಲ್ಲೇ ಮುರಿಯಬೇಕೆಂಬ ನಿಯಮವೇನೂ ಇಲ್ಲ. ನಾಲ್ಕನೇ ಓದಿಗೆ ಆ ಕೊನೆಯ ಪದ ನಿಮ್ಮ ಬಾಯಿಂದ ಬರುವುದಿಲ್ಲ, ಮಗುವೇ ಕೂಗಿರುತ್ತದೆ. ಹಾಗೆ ಮಾಡಿಕೊಂಡ ಕನ್ನಡವನ್ನು ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಬರೆದು ಪುಟಕ್ಕೆ ಅಂಟಿಸಿ. ನಿನ್ನೆಯದೊಂದು ಪದ, ಇವತ್ತಿನದೊಂದು ಪದ ಆದರೆ ಮಕ್ಕಳು ಸುಮ್ಮನೆ ಬಿಡುವುದಿಲ್ಲ.

ಪ್ರಶ್ನೆ: ಪುಸ್ತಕದಲ್ಲಿ ಮಗು ನಾಯಿಯನ್ನು ತಬ್ಬಿಕೊಳ್ಳುವ ಚಿತ್ರವಿದೆ. ಈಗ ನಮ್ಮ ಎರಡೂವರೆ ವರ್ಷದವಳು ಕಂಡ ನಾಯಿಗೆಲ್ಲ ಕತ್ತು ಹಿಡಿಯಲು ಹೋಗುತ್ತಾಳೆ.

ಉತ್ತರ: ಇದನ್ನು ಇವತ್ತೇ ತಡೆಯಿರಿ. ಕತ್ತಿಗೆ ಕೈ ಸುತ್ತುವುದು ನಮಗೆ ಅಕ್ಕರೆ. ನಾಯಿಗೆ ಅದು ತಪ್ಪಿಸಿಕೊಳ್ಳಲಾಗದ ಹಿಡಿತ. ಎತ್ತರದ ಲೆಕ್ಕದಲ್ಲಿ ಚಿಕ್ಕ ಮಗುವಿನ ಮುಖ ನಾಯಿಯ ಬಾಯಿಗೆ ಸಮನಾಗಿರುವುದರಿಂದ ಕಚ್ಚಿದರೆ ಗಾಯ ಮುಖ, ತಲೆ, ಕುತ್ತಿಗೆಗೇ. ಸಾಕಿದ ನಾಯಿಯೂ ಇದಕ್ಕೆ ಹೊರತಲ್ಲ. ಬೀದಿಯ ಅಪರಿಚಿತ ನಾಯಿಯನ್ನಂತೂ ಮುಟ್ಟುವುದೇ ಬೇಡ.

ಪುಸ್ತಕ ಎಸೆಯಬೇಕಿಲ್ಲ, ಆ ಪುಟವನ್ನು ಬೇರೆ ರೀತಿ ಓದಿ. "ನಾಯಿ ಕಣ್ಣು ನೋಡು, ಕಿವಿ ನೋಡು, ಅದಕ್ಕೆ ಇಷ್ಟ ಆಗಿದೆಯಾ?" ನಾಯಿ ಮುಖ ಆಚೆ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಕಣ್ಣಂಚಿನ ಬಿಳಿ ಕಾಣುವುದು, ಬಾಲ ಕಾಲ ನಡುವೆ ಸೇರುವುದು, ಮೈ ಮರಗಟ್ಟುವುದು, ಇವೆಲ್ಲ "ಬಿಡು" ಎನ್ನುವ ಗುರುತುಗಳು. ವಿಚಿತ್ರವೆಂದರೆ ಎಷ್ಟೋ ಪುಸ್ತಕಗಳ ಮುದ್ದು ಚಿತ್ರದಲ್ಲೇ ಇವು ಕಾಣುತ್ತವೆ, ಚಿತ್ರಕಾರರು ಫೋಟೊ ನೋಡಿ ಬಿಡಿಸಿರುತ್ತಾರಲ್ಲ. ಮನೆಯ ನಾಯಿಯಾದರೆ, ದೊಡ್ಡವರು ಪಕ್ಕದಲ್ಲಿರುವಾಗ, ಅದಾಗಿ ಹತ್ತಿರ ಬರಲಿ. ಒಂದೇ ಕೈಯಲ್ಲಿ ಎದೆ ಅಥವಾ ಭುಜದ ಪಕ್ಕ ಮೂರು ಎಣಿಸುವಷ್ಟು ಹೊತ್ತು ಸವರಿ, ಕೈ ತೆಗೆದು ಕಾಯಬೇಕು. ಮತ್ತೆ ಒತ್ತಿಕೊಂಡು ಬಂದರೆ ಇನ್ನೊಮ್ಮೆ, ಇಲ್ಲದಿದ್ದರೆ ಅಷ್ಟಕ್ಕೇ. ತಿನ್ನುವಾಗ, ಮಲಗಿದಾಗ, ಮರಿಗಳ ಜೊತೆ ಇರುವಾಗ ಹತ್ತಿರವೂ ಹೋಗಬಾರದು. ತಬ್ಬುವ ಆಸೆಗೆ ಬಟ್ಟೆಯ ಗೊಂಬೆ ಇದೆ.

ಪ್ರಾಣಿಗಳ ಬದಲು ಮನುಷ್ಯರ ಪುಸ್ತಕವೇ ಒಳ್ಳೆಯದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ ಹಂಚಿಕೊಳ್ಳುವ ಕಥೆ ಕೇಳಿದ ನಾಲ್ಕರಿಂದ ಆರು ವರ್ಷದ ಮಕ್ಕಳು, ಪಾತ್ರಗಳು ಮನುಷ್ಯರಾಗಿದ್ದಾಗ ಹೆಚ್ಚು ಹಂಚಿಕೊಂಡರು, ಅಂಗಿ ತೊಟ್ಟ ಪ್ರಾಣಿಗಳಾಗಿದ್ದಾಗ ಅಷ್ಟಿಲ್ಲ. ಹಾಗೆಂದು ಕರಡಿಗಳನ್ನು ಓಡಿಸಬೇಡಿ. ಒಂದು ನಡತೆ ಕಲಿಸಲೆಂದೇ ತರುವ ಪುಸ್ತಕದಲ್ಲಿ ಮನುಷ್ಯರಿರಲಿ, ಸುಮ್ಮನೆ ಖುಷಿಗೆ ಓದುವುದರಲ್ಲಿ ಯಾರಾದರೂ ಇರಲಿ.

ಪ್ರಶ್ನೆ: ರಾತ್ರಿ ಒಂದೇ ಪುಸ್ತಕ, ಒಂದೇ ಸಲ ಅಲ್ಲ, ಐದು ಸಲ. ಬೇರೆ ಪುಸ್ತಕ ಮುಟ್ಟಲು ಬಿಡುವುದಿಲ್ಲ.

ಉತ್ತರ: ಬಿಡದಿರಲಿ. ಮುಂದೇನು ಬರುತ್ತದೆಂದು ಗೊತ್ತಿರುವುದೇ ಅದಕ್ಕೆ ಸುಖ. ಆದರೆ ಓದುವ ರೀತಿ ಬದಲಿಸಿ, ನಿಮಗೂ ಬೇಸರ ಕಳೆಯುತ್ತದೆ. ಮೊದಲ ದಿನ ನೀವು ಓದಿ. ಆಮೇಲೆ ಸಾಲಿನ ಕೊನೆಯ ಪದ ಮಗುವಿಗೆ ಬಿಡಿ. ನಂತರ "ಯಾಕೆ ಅಳ್ತಿದೆ?" ಎಂದು ಕೇಳಿ, ಮಗು "ಅಮ್ಮ ಇಲ್ಲ" ಅಂದರೆ "ಹೌದು, ಅಮ್ಮ ಕಾಣಿಸ್ತಿಲ್ಲ ಅಂತ ಅಳ್ತಿದೆ" ಎಂದು ಎರಡು ಪದ ಸೇರಿಸಿ ಹಿಂತಿರುಗಿಸಿ. ಕೊನೆಗೆ ಮಗುವೇ ಹೇಳಲಿ, ನೀವು ಕೇಳಿ. 1988ರಲ್ಲಿ ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಪ್ರಕಟಿಸಿದ ಸಂವಾದದ ಓದಿನ ತಿರುಳು ಇದೇ. ಹೀಗೆ ಓದಿಸಿಕೊಂಡ ಎರಡು ಮೂರು ವರ್ಷದ ಮಕ್ಕಳ ಮಾತು ಸುಮ್ಮನೆ ಓದು ಕೇಳಿದವರಿಗಿಂತ ಮುಂದಿತ್ತು. ಪ್ರಶ್ನೆ ಪುಟಕ್ಕೊಂದು ಮೀರಬಾರದು, ಮೀರಿದರೆ ಪರೀಕ್ಷೆಯಾಗುತ್ತದೆ. ಮಲಗಿಸುವ ಓದಿನಲ್ಲಂತೂ ಪ್ರಶ್ನೆಯೇ ಬೇಡ, ಅದನ್ನು ಹಗಲಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಮನೆಯವರದೇ ಫೋಟೊ ಹಾಕಿ ಅಪ್ಪುಗೆಯ ಪುಸ್ತಕ ಮಾಡಬೇಕೆಂದಿದ್ದೇನೆ. ಒಮ್ಮೆ ಮಾಡಿದ್ದು ಸೊಟ್ಟಗಾಗಿ, ಪುಟಗಳು ಬಿಟ್ಟುಕೊಂಡವು. ಸರಿಯಾದ ಕ್ರಮ ತಿಳಿಸಿ.

ಉತ್ತರ: ಎಂಟು ಫೋಟೊ ಕೂಡಿಸಿ ಪಿನ್ನು ಹೊಡೆಯುವ ಬದಲು ಬೆನ್ನಿಗೆ ಬೆನ್ನು ಅಂಟಿಸುವ ವಿಧಾನ ಹಿಡಿಯಿರಿ. ನಡುಮಡಿಕೆಯಲ್ಲಿ ಚಿತ್ರ ನುಂಗಿಹೋಗುವುದಿಲ್ಲ, ಪಿನ್ನಿನ ಅಪಾಯವೂ ಇಲ್ಲ.

ಬೇಕಾದದ್ದು: 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾರ್ಡ್ ಹಾಳೆ, 30 × 15 ಸೆಂ.ಮೀ. ಅಳತೆಯ ಆರು ತುಂಡು. ರಕ್ಷಾಪುಟಕ್ಕೆ 2 ಮಿ.ಮೀ. ದಪ್ಪದ ಬೈಂಡಿಂಗ್ ರಟ್ಟು, 15.5 ಸೆಂ.ಮೀ. ಚೌಕದ ಎರಡು ತುಂಡು. ಹೊದಿಸಲು ಹತ್ತಿಬಟ್ಟೆ. ಬಿಳಿ ಗೋಂದು, ಚಪ್ಪಟೆ ಬ್ರಷ್, ಕಟರ್, ಲೋಹದ ಸ್ಕೇಲ್.

ನಿಮ್ಮ ಪುಸ್ತಕ ಸೊಟ್ಟಗಾಗಲು ಬಹುಶಃ ಎರಡು ಕಾರಣ. ಒಂದು, ಕಾಗದದ ನಾರಿನ ದಿಕ್ಕು. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಮಡಿಕೆಗೆ ಸಮಾನಾಂತರವಾಗಿ ನಾರು ಇದೆ. ಪುಸ್ತಕದ ನಡುಮಡಿಕೆ, ರಟ್ಟಿನ ಬೆನ್ನು ಎರಡಕ್ಕೂ ನಾರು ಅದೇ ದಿಕ್ಕಿನಲ್ಲಿರಬೇಕು. ಅಡ್ಡವಾದರೆ ಮಡಿಕೆ ಬಿರಿಯುತ್ತದೆ, ಗೋಂದಿನ ತೇವಕ್ಕೆ ಪುಟ ಸುರುಳಿಯಾಗುತ್ತದೆ. ಇನ್ನೊಂದು, ಗೋಂದು ಹೆಚ್ಚಾಗಿರುವುದು. ನಾಲ್ಕು ಪಾಲು ಗೋಂದಿಗೆ ಒಂದು ಪಾಲಿನಷ್ಟು ನೀರು ಬೆರೆಸಿ, ನಡುವಿನಿಂದ ಅಂಚಿಗೆ ತೆಳ್ಳಗೆ ಬಳಿಯಿರಿ. ಒತ್ತಿದಾಗ ಅಂಚಿನಲ್ಲಿ ಗೋಂದು ಮಣಿಮಣಿಯಾಗಿ ಹೊರಬಂದರೆ ಜಾಸ್ತಿಯಾಗಿದೆ ಎಂದರ್ಥ.

ಪ್ರತಿ ತುಂಡಿನ ಒಂದೇ ಬದಿಗೆ ಚಿತ್ರ ಮುದ್ರಿಸಿಕೊಳ್ಳಿ. ಲೇಸರ್ ಮುದ್ರಣವೇ ಆಗಬೇಕು, ಇಂಕ್‌ಜೆಟ್ ಶಾಯಿ ಸಾಮಾನ್ಯವಾಗಿ ಜೊಲ್ಲು ತಾಗಿದರೆ ಹರಡುತ್ತದೆ. ನಡುವೆ ಮೊಂಡು ಸೂಜಿಯಿಂದ ಗೀರಿ, ಚಿತ್ರ ಒಳಗೆ ಬರುವಂತೆ ಮಡಚಿ. ಆರೂ ಮಡಚಿದ ಮೇಲೆ, ಮೊದಲನೆಯದರ ಬಲ ಅರ್ಧದ ಹಿಂಬದಿಯನ್ನು ಎರಡನೆಯದರ ಎಡ ಅರ್ಧದ ಹಿಂಬದಿಗೆ ಅಂಟಿಸಿ. ಹೀಗೇ ಆರರವರೆಗೆ. ಪ್ರತಿ ಸಲವೂ ಮಡಿಕೆಗೆ ಮಡಿಕೆ ಕೂರಿಸಿ, ಆಚೆ ಅಂಚಿನ ವ್ಯತ್ಯಾಸವನ್ನು ಕೊನೆಗೆ ಒಟ್ಟಿಗೆ ಕತ್ತರಿಸಬಹುದು. ಜೋಡಿಪುಟಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೈದು ಕಿಲೋ ತೂಕ ಹೇರಿ ಒಂದು ರಾತ್ರಿ, ಒಂದು ಹಗಲು ಬಿಡಿ. ಬೇಗ ತೆಗೆದವರ ಪುಸ್ತಕವೇ ಬಾಗುವುದು.

ಒಣಗಿದ ಮೇಲೆ ಬೆನ್ನಿನ ದಪ್ಪ ಅಳೆದು, ಅದಕ್ಕೆ ಎರಡು ರಟ್ಟುಗಳ ದಪ್ಪ ಸೇರಿಸಿದ ಅಗಲದ ರಟ್ಟಿನ ಪಟ್ಟಿ ಕತ್ತರಿಸಿ. ಬಟ್ಟೆಯ ಮೇಲೆ ರಟ್ಟು, ಪಟ್ಟಿ, ರಟ್ಟು ಹೀಗೆ ಇಟ್ಟು, ನಡುವೆ ಎರಡೂ ಕಡೆ 5 ಮಿ.ಮೀ. ಖಾಲಿ ಬಿಟ್ಟು ಅಂಟಿಸಿ, ಅಂಚು ಒಳಗೆ ಮಡಚಿ. ಪುಸ್ತಕದ ಹೊರಗಿನ ಎರಡು ಅರ್ಧಗಳನ್ನು ಮಾತ್ರ ರಟ್ಟಿಗೆ ಅಂಟಿಸಬೇಕು. ಬೆನ್ನಿಗೆ ಗೋಂದು ತಾಗಿಸಬೇಡಿ, ಅಲ್ಲಿ ಬಿಗಿದರೆ ಪುಸ್ತಕ ತೆರೆದುಕೊಳ್ಳುವುದಿಲ್ಲ, ಜಗ್ಗಿದಾಗ ಪುಟಗಳು ಬಿಟ್ಟುಕೊಳ್ಳುತ್ತವೆ. ಪುಟಗಳ ಮೂಲೆಗೆ ನಾಣ್ಯ ಇಟ್ಟು ಗುಂಡಗೆ ಕತ್ತರಿಸುವ ಕೆಲಸ ರಕ್ಷಾಪುಟ ಹಾಕುವ ಮುಂಚೆಯೇ ಮುಗಿದಿರಲಿ. ಇಷ್ಟಾದರೂ ಇದು ಕಚ್ಚುವ ವಯಸ್ಸಿನ ಮಗುವಿಗಲ್ಲ, ಒಂದೂವರೆ ವರ್ಷ ದಾಟಿದವರಿಗೆ, ಅದೂ ನಿಮ್ಮ ಜೊತೆಯಲ್ಲಿ ನೋಡಲು.

ಫೋಟೊಗಳನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಕೂತು ತೆಗೆಯಿರಿ. ಮುದ್ರಿಸಿದಾಗ ಮುಖ 4 ಸೆಂ.ಮೀ.ಗಿಂತ ಚಿಕ್ಕದಾಗಬಾರದು. ಆರು ಜೋಡಿಪುಟಕ್ಕೆ ಆರು ಅಪ್ಪುಗೆ ಹಾಕಿ ಕೆಡಿಸಬೇಡಿ. ಮಗು ಒಂದೇ ಆಡುತ್ತಿದೆ, ಬಾಗಿಲಲ್ಲಿ ಅಪ್ಪ, ಕೈ ಚಾಚಿ ಕೂತಿದ್ದಾನೆ, ಮಗು ನೋಡುತ್ತಿದೆ, ಓಡುತ್ತಿದೆ, ಫೋಟೊ ಮಸುಕಾದರೂ ಚಿಂತೆಯಿಲ್ಲ, ಅಪ್ಪುಗೆ, ಮತ್ತೆ ಆಟಕ್ಕೆ. ಸಾಲುಗಳನ್ನು ಮಗುವಿನ ಬಾಯಿಂದ ಬಂದ ಮಾತಿನಲ್ಲೇ ಬರೆಯಿರಿ.

ಪ್ರಶ್ನೆ: ಹರಿದ ಪುಟ, ಜೊಲ್ಲು, ಕಲೆ. ಪುಸ್ತಕ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಸೆಲ್ಲೋ ಟೇಪ್ ಬೇಡ, ಕೆಲವೇ ವರ್ಷಕ್ಕೆ ಹಳದಿಯಾಗಿ, ಅಂಟು ಪಕ್ಕದ ಪುಟಕ್ಕೂ ಹತ್ತುತ್ತದೆ. ಪುಸ್ತಕ ರಿಪೇರಿಗೆಂದೇ ಸಿಗುವ ಕಾಗದದ ಟೇಪ್ ಬಳಸಿ. ರಟ್ಟಿನ ಪುಸ್ತಕವನ್ನು ನೀರಲ್ಲಿ ಅದ್ದಬೇಡಿ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ ಒಣಗಿಸಿ. ಪುಟಗಳ ನಡುವೆ ಕಪ್ಪು ಚುಕ್ಕೆ, ಮುಗ್ಗುವಾಸನೆ ಬಂದಿದ್ದರೆ ಅದು ಬೂಸ್ಟು, ಬಾಯಿಗೆ ಹಾಕುವ ಮಗುವಿಗೆ ಕೊಡಬೇಡಿ. ತೆರೆಯುವ ಕಿಟಕಿಗಳಿರುವ ಪುಸ್ತಕವಾದರೆ, ಮಗು ಕಿತ್ತುಹಾಕುವ ಮೊದಲೇ ಕಿಟಕಿಯ ಮಡಿಕೆಗೆ ಹಿಂದಿನಿಂದ ಟೇಪ್ ಹಾಕಿಬಿಡಿ.

ಪ್ರಶ್ನೆ: ನಾಲ್ಕು ವರ್ಷದ ಅಕ್ಕ ಹೊಸ ಪಾಪುವನ್ನು ಉಸಿರುಕಟ್ಟುವಂತೆ ಅಪ್ಪಿಕೊಳ್ಳುತ್ತಾಳೆ. ಬೈದರೆ ಇನ್ನೂ ಜೋರು.

ಉತ್ತರ: ಅಕ್ಕರೆಯೂ ಇದೆ, ಸಿಟ್ಟೂ ಇದೆ, ಎರಡೂ ಒಂದೇ ತೋಳಿನಲ್ಲಿ ಬರುತ್ತಿವೆ. "ಬಿಡು" ಎನ್ನುವುದಕ್ಕಿಂತ ಎಲ್ಲಿ ಮುಟ್ಟಬಹುದೆಂದು ತೋರಿಸಿ: ಪಾದ, ಅಂಗೈ. ಕುತ್ತಿಗೆ, ಎದೆ, ಮುಖ ಬೇಡ. ಪಾಪುವಿಗೆ ಪುಸ್ತಕ ತೋರಿಸುವ ಕೆಲಸ ಅವಳಿಗೆ ಕೊಡಿ, ಎರಡೂ ಕೈ ಪುಸ್ತಕ ಹಿಡಿದಿರುತ್ತವಲ್ಲ. ಪಾಪು ಮಲಗಿದಾಗ ಹತ್ತು ನಿಮಿಷ ಅವಳೊಬ್ಬಳಿಗೇ ಓದಿ, ಗಟ್ಟಿ ಅಪ್ಪುಗೆಯೆಲ್ಲ ಆಗ ನಿಮ್ಮ ಮೇಲೆ ನಡೆಯಲಿ. ಇಬ್ಬರನ್ನೇ ಬಿಟ್ಟು ಕೋಣೆಯಿಂದ ಹೊರಗೆ ಹೋಗಬೇಡಿ.

ಪ್ರಶ್ನೆ: ಕೆಲಸಕ್ಕಾಗಿ ದೂರದಲ್ಲಿದ್ದೇನೆ. ಫೋನಿನಲ್ಲಿ ಓದಿದರೆ ಪ್ರಯೋಜನವಿದೆಯೆ? ಪರದೆ ಕೆಟ್ಟದ್ದು ಎನ್ನುತ್ತಾರೆ.

ಉತ್ತರ: ಓದಿ. ಎರಡು ವರ್ಷದೊಳಗೆ ಪರದೆಯ ಮುಂದೆ ಸುಮ್ಮನೆ ಕೂರಿಸುವುದು ಬೇಡ, ನಂತರ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆಗಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಮನೆಯವರ ಜೊತೆ ಮುಖಾಮುಖಿ ವಿಡಿಯೊ ಮಾತು ಬೇರೆ, ಅಲ್ಲಿ ಮಗುವಿಗೆ ಉತ್ತರ ಕೊಡುವವರು ಇದ್ದಾರೆ. ಒಂದೇ ಪುಸ್ತಕದ ಎರಡು ಪ್ರತಿ ಇರಲಿ, ಒಂದು ನಿಮ್ಮಲ್ಲಿ, ಒಂದು ಮಗುವಿನಲ್ಲಿ. ಪುಟ ಮಗುವೇ ತಿರುಗಿಸಲಿ. ಅಪ್ಪುಗೆಯ ಪುಟ ಬಂದಾಗ ಅಲ್ಲಿ ಜೊತೆಗಿರುವವರು ಮಗುವನ್ನು ಕೇಳಿ ಅಪ್ಪಿಕೊಳ್ಳಲಿ, ನೀವು ತಲೆದಿಂಬನ್ನೋ ಗೊಂಬೆಯನ್ನೋ ಅಪ್ಪಿ ತೋರಿಸಿ. ಫೋನಿಗೆ ಮುತ್ತು ಕೊಡಲು ಒತ್ತಾಯಿಸಬೇಡಿ. ಓದು ಐದು ನಿಮಿಷ ಮೀರದಿರಲಿ, ಕರೆ ಮುಗಿಸುವ ಕೊನೆಯ ಸಾಲು ದಿನವೂ ಒಂದೇ ಆಗಿರಲಿ.

ಪ್ರಶ್ನೆ: ಶಿಶುವಿಹಾರದಲ್ಲಿ ಇಪ್ಪತ್ತು ಮಕ್ಕಳಿಗೆ ಇಂಥ ಪುಸ್ತಕ ಓದುವಾಗ ಗಲಾಟೆಯಾಗುತ್ತದೆ.

ಉತ್ತರ: 15 ಸೆಂ.ಮೀ. ಪುಸ್ತಕ ಹಿಂದಿನ ಸಾಲಿಗೆ ಕಾಣುವುದಿಲ್ಲ, ಗಲಾಟೆ ಅಲ್ಲಿಂದಲೇ ಶುರು. 25ರಿಂದ 30 ಸೆಂ.ಮೀ. ಅಗಲದ್ದು ಬೇಕು. ಹೆಗಲಿನ ಪಕ್ಕದಲ್ಲಿ ಹಿಡಿದು, ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ, ಆಮೇಲೆ ಓದಿ. "ಈಗ ಪಕ್ಕದವರನ್ನು ಅಪ್ಪಿಕೊಳ್ಳಿ" ಎನ್ನಬೇಡಿ. ಒಬ್ಬರು ಬೀಳುತ್ತಾರೆ, ಒಬ್ಬರು ಅಳುತ್ತಾರೆ, ಒಬ್ಬರನ್ನು ಯಾರೂ ಅಪ್ಪಿಕೊಂಡಿರುವುದಿಲ್ಲ. ತಮ್ಮ ಎರಡೂ ತೋಳನ್ನು ತಮಗೇ ಸುತ್ತಿಕೊಂಡು ಐದು ಎಣಿಸಲಿ. ಇಪ್ಪತ್ತೂ ಮಕ್ಕಳ ಕೈಗೆ ಕೆಲಸ ಸಿಗುತ್ತದೆ, ಪುಟ ತಿರುಗಿಸಲು ನಿಮಗೆ ಸಮಯವೂ ಸಿಗುತ್ತದೆ.